ಹೊಸ ಚೈನು, ಹಳೆಯ ಹಲ್ಲು

“ಅವ್ವ, ನಾನು ಬದಲಾಗಿ ವರ್ಷವಾಯಿತು. ನನ್ನ ಮಗಳು ಯಾಕೆ ಬದಲಾಗಲಿಲ್ಲ?”

ಹೀಗೆ ಕೇಳಿದವನು ನಿಂಗರಾಜ. ಚಿಕ್ಕತಾಯವ್ವನ ಮಠಕ್ಕೆ ನಡೆದುಕೊಳ್ಳುವ ಶಿಷ್ಯರಲ್ಲಿ ಅವನೂ ಒಬ್ಬ. ಮೊದಲು ಅವನ ಕೋಪ ಊರಿಗೆಲ್ಲ ಗೊತ್ತಿತ್ತು. ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ, ಮಗಳ ಮೇಲೂ ಕೈ ಮಾಡುತ್ತಿದ್ದ. ಹೊಡೆದ ಮರುದಿನ ರಿಬ್ಬನ್ನೋ ಬಳೆಯೋ ತಂದುಕೊಟ್ಟು ರಮಿಸುತ್ತಿದ್ದ. ಕೊನೆಗೆ ಮಠದ ಈ ಅವ್ವನ ಮಾತು ಕೇಳಿ ಅದನ್ನೆಲ್ಲ ಬಿಟ್ಟ. ಈಗ ದನಿ ಕೂಡ ಏರಿಸುವುದಿಲ್ಲ. ಆದರೆ ಬೆಳೆದು ನಿಂತ ಮಗಳು ಅವನ ಚಪ್ಪಲಿಯ ಸದ್ದಿಗೆ ಎದ್ದು ಒಳಗೆ ಹೋಗುತ್ತಾಳೆ.

“ನಿನ್ನೆ ತಲೆ ಸವರೋಣ ಅಂತ ಕೈ ಎತ್ತಿದೆ ಅವ್ವ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಈಗಲೂ ತಪ್ಪು ನನ್ನದೇ ಏನು?”

ಅವ್ವ ಸೊಪ್ಪು ಸೋಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಕೂರು ಮಗಾ, ಒಂದು ಸೈಕಲ್ಲಿನ ಕತೆ ಹೇಳುತ್ತೇನೆ” ಎಂದಳು.

ಒಬ್ಬ ಮೊಟ್ಟೆ ವ್ಯಾಪಾರಿ ಇದ್ದನಂತೆ. ಅವನು ಸೈಕಲ್ ತುಳಿಯುತ್ತಿದ್ದ, ಹೆಂಡತಿ ಹಿಂದೆ ಕ್ಯಾರಿಯರ್ ಮೇಲೆ ಕೂತು ಮೊಟ್ಟೆಯ ಟ್ರೇಗಳನ್ನು ಮಡಿಲಲ್ಲಿ ಹಿಡಿದುಕೊಳ್ಳುತ್ತಿದ್ದಳು. ಹಗ್ಗದಲ್ಲಿ ಕಟ್ಟಿದ ಮೊಟ್ಟೆ ಒಡೆಯುತ್ತದೆ, ಮಡಿಲಲ್ಲಿಟ್ಟ ಮೊಟ್ಟೆ ಒಡೆಯುವುದಿಲ್ಲ ಎಂದು ಇಬ್ಬರ ನಂಬಿಕೆ. ಹಾಗೇ ಸಂತೆಯಿಂದ ಸಂತೆಗೆ ಹೋಗುತ್ತಿದ್ದರು.

ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವನು ಅವಳ ತಮ್ಮನೇ. ಒಂದು ದಿನ ಅವನು ಪೆಡಲಿನ ಬಳಿಯ ಹಲ್ಲಿನ ಚಕ್ರದಿಂದ ಚೈನನ್ನು ಬೆರಳಲ್ಲಿ ಎಳೆದು ನೋಡಿದ. ಚೈನು ಹಲ್ಲು ಬಿಟ್ಟು ಮೇಲೆದ್ದಿತು.

“ಬಾವ, ಚೈನು ಸವೆದು ಉದ್ದವಾಗಿದೆ. ಈಗಲೇ ಬದಲಿಸಿದರೆ ಚೈನೊಂದರಲ್ಲೇ ಮುಗಿಯುತ್ತದೆ. ಬಿಟ್ಟರೆ ಹಿಂದಿನ ಮುಂದಿನ ಚಕ್ರಗಳ ಹಲ್ಲನ್ನೂ ತಿಂದುಹಾಕುತ್ತದೆ.”

“ಓಡುತ್ತಿದೆಯಲ್ಲೋ! ನಿಮ್ಮಕ್ಕನನ್ನು ಕಟ್ಟಿದ್ದು ಸಾಲದು ಅಂತ ಈಗ ಚೈನನ್ನೂ ನನ್ನ ತಲೆಗೆ ಕಟ್ಟುತ್ತೀಯಾ? ಒಂದು ಕೊಂಡಿ ತೆಗೆದು ಬಿಗಿ ಮಾಡು, ಸಾಕು.”

ಟ್ರೇ ಹಿಡಿದು ನಿಂತಿದ್ದ ಅಕ್ಕನೂ ನಕ್ಕಳು. “ಚೈನು ಸವೆದಿರಬಹುದು, ನಾನಿನ್ನೂ ಸವೆದಿಲ್ಲಪ್ಪ” ಎಂದಳು.

ತಮ್ಮ ಕೊಂಡಿ ತೆಗೆದ. ಚೈನು ಬಿಗಿಯಾಯಿತು. ಸ್ವಲ್ಪ ಕಾಲಕ್ಕೆ ಮತ್ತೆ ಜೋತುಬಿತ್ತು. ವ್ಯಾಪಾರಿ ಮತ್ತೊಂದು ಕೊಂಡಿ ತೆಗೆಸಿದ. ಕೊಂಡಿ ತೆಗೆದರೆ ಚೈನು ಗಿಡ್ಡವಾಗುತ್ತದೆ ಮಗಾ, ಉಳಿದ ಕೊಂಡಿಗಳ ಸವೆತ ಎಲ್ಲಿಗೆ ಹೋದೀತು? ಅದು ಒಳಗೊಳಗೇ ಹಲ್ಲನ್ನು ಅರೆಯುತ್ತಲೇ ಇತ್ತು. ಹೊರಗೆ ನೋಡಿದವರಿಗೆ ಸೈಕಲ್ ಚೆನ್ನಾಗಿಯೇ ಓಡುತ್ತಿತ್ತು.

ಕೊನೆಗೊಂದು ದಿನ ಚೈನು ಕಡಿಯಿತು. ಆಗ ವ್ಯಾಪಾರಿಗೆ ಬುದ್ಧಿ ಬಂತು. ಹೊಸ ಚೈನು ತಂದ, ಒಳ್ಳೆಯದನ್ನೇ ತಂದ. ಹಾಕಿಕೊಡೆಂದು ಹೆಂಡತಿಯ ತಮ್ಮನ ಕೈಗೆ ಕೊಟ್ಟ. ಮೈದುನ ಅದನ್ನು ಹಲ್ಲಿನ ಮೇಲಿಟ್ಟು ನೋಡಿ ತಲೆಯಾಡಿಸಿದ.

“ಇಷ್ಟು ದಿನ ಚೈನು ಬದಲಿಸು ಅಂದೆ, ಹೊಸದು ತಂದಿದ್ದೇನೆ. ಇನ್ನೇನು ನಿನ್ನ ಗೋಳು?”

“ಹಲ್ಲು ಹಳೆಯ ಚೈನಿಗೆ ಒಗ್ಗಿಬಿಟ್ಟಿದೆ ಬಾವ. ಇದು ಅದರ ಮೇಲೆ ಕೂರುವುದಿಲ್ಲ. ಹಲ್ಲಿನ ಚಕ್ರಗಳನ್ನೂ ಬದಲಿಸಬೇಕು.”

“ಚಕ್ರ ಏನು ತಪ್ಪು ಮಾಡಿದೆ? ಕೆಟ್ಟಿದ್ದು ಚೈನು. ಹಾಕು ಸುಮ್ಮನೆ.”

ಮೈದುನ ಹಾಕಲಿಲ್ಲ. ವ್ಯಾಪಾರಿ ಸಿಟ್ಟಾಗಿ ಮನೆಗೆ ಹೋಗಿ ತಾನೇ ಹಾಕಿಕೊಂಡ. ಅಂಗಳದಲ್ಲಿ ಒಂದು ಸುತ್ತು ಹೊಡೆದ. ಸದ್ದೇ ಇಲ್ಲ! “ನೋಡಿದೆಯಾ, ನಿನ್ನ ತಮ್ಮನ ವಿದ್ಯೆ?” ಎಂದು ಹೆಂಡತಿಯನ್ನು ಕೆಣಕಿ, ಹಿಂದೆ ಕೂರಿಸಿಕೊಂಡು ಸಂತೆಗೆ ಹೊರಟ.

ಸಮದಾರಿಯಲ್ಲಿ ಸೈಕಲ್ ಹೂವಿನಂತೆ ಹೋಯಿತು. ಮುಂದೆ ಕೆರೆ ಏರಿಯ ದಿಬ್ಬ ಬಂತು. ವ್ಯಾಪಾರಿ ಸೀಟು ಬಿಟ್ಟು ಎದ್ದು, ಮೈಯ ಭಾರವನ್ನೆಲ್ಲ ಪೆಡಲಿನ ಮೇಲೆ ಬಿಟ್ಟ. ಹೊಸ ಚೈನು ಕಟಕ್ಕೆಂದು ಹಲ್ಲಿನ ಮೇಲಿಂದ ಜಾರಿತು. ತುಳಿದ ಕಾಲಿಗೆ ಏನೂ ಸಿಗಲಿಲ್ಲ. ಸೈಕಲ್ ಮಗುಚಿತು.

ಹೆಂಡತಿ ಮಡಿಲಿನ ಟ್ರೇ ಬಿಡಲಿಲ್ಲ. ಬಿಟ್ಟಿದ್ದರೆ ಕೈ ಊರಬಹುದಿತ್ತು. ತಲೆ ಕೆಳಗಾಗಿ ಏರಿಯ ಕಲ್ಲುಗಳ ಮೇಲೆ ಬಿದ್ದಳು. ಕಲ್ಲಿನ ಮೇಲೆ ಮೊಟ್ಟೆಯ ಹಳದಿ ಹರಿಯಿತು, ಅದರೊಳಗೆ ಕೆಂಪು ಬೆರೆಯಿತು. ವ್ಯಾಪಾರಿ ಹೆಸರು ಹಿಡಿದು ಕೂಗಿದ. ಅವಳು ಏಳಲಿಲ್ಲ.

ಸುದ್ದಿ ಕೇಳಿ ತಮ್ಮ ಓಡಿಬಂದ. ವ್ಯಾಪಾರಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಹೊಸ ಚೈನು ಕಣೋ... ಹೊಸ ಚೈನು ಕಣೋ...” ಎನ್ನುತ್ತಲೇ ಇದ್ದ. ನಿಜ, ಚೈನಿಗೆ ಒಂದು ಗೀರೂ ಬಿದ್ದಿರಲಿಲ್ಲ. ತಮ್ಮ ಹಿಂದಿನ ಚಕ್ರದ ಹಲ್ಲು ಮುಟ್ಟಿದ. ಒಂದೊಂದು ಹಲ್ಲೂ ತೆಳ್ಳಗಾಗಿ, ಮುಳ್ಳಿನಂತೆ ಒಂದೇ ಕಡೆಗೆ ಬಾಗಿತ್ತು.

“ಇವು ಹೀಗೆ ಹುಟ್ಟಿರಲಿಲ್ಲ ಬಾವ” ಎಂದಷ್ಟೇ ಹೇಳಿದ.

ಅವ್ವ ಸೋಸಿದ ಸೊಪ್ಪನ್ನು ಮೊರಕ್ಕೆ ಹಾಕಿದಳು.

ನಿಂಗರಾಜ ಒಂದು ದಾರಿ ಕಂಡಂತಾಗಿ ಮುಂದಕ್ಕೆ ಸರಿದು ಕೂತ. “ಚೈನಿನ ಜೊತೆಗೇ ಆ ಚಕ್ರಗಳನ್ನೂ ಬದಲಿಸಿದ್ದರೆ ಏನೂ ಆಗುತ್ತಿರಲಿಲ್ಲ, ಅಲ್ಲವಾ ಅವ್ವ? ಅಂಗಡಿಯಲ್ಲಿ ಸಿಗುತ್ತಿದ್ದವಲ್ಲ?”

ಅವ್ವ ಮೊದಲ ಬಾರಿಗೆ ತಲೆ ಎತ್ತಿ ಅವನ ಮುಖ ನೋಡಿದಳು.

“ಚಕ್ರ ಅಂಗಡಿಯಲ್ಲಿ ಸಿಗುತ್ತದೆ ಮಗಾ, ನಿನ್ನ ಮಗಳಿಗೆ ಇನ್ನೊಂದು ಎಳೆತನ ಎಲ್ಲಿಂದ ತರುತ್ತೀಯೆ?”