ನಡುಗದ ಕೈ

“ಬುದ್ಧಿ, ಕ್ಷಮಿಸಿದರೆ ಮನಸ್ಸು ಹಗುರವಾಗುತ್ತದೆ ಎಂದು ನೀವೇ ಹೇಳಿದ್ದಿರಿ. ನನ್ನ ತಮ್ಮನನ್ನು ಕ್ಷಮಿಸಿ ಆರು ತಿಂಗಳಾಯಿತು. ಇನ್ನೂ ಹಗುರವಾಗಿಲ್ಲ. ಯಾಕೆ?” ಎಂದು ಮರುಳಪ್ಪ ಕೇಳಿದ.

ಮಠದ ಗುರುಗಳು ಅವನನ್ನು ಕೂರಲು ಹೇಳಿ ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಅಂಗಡಿಯವನಿದ್ದ. ಬಿಡಿಭಾಗಗಳನ್ನು ತರಿಸಿ, ಕಂಪ್ಯೂಟರ್ ಜೋಡಿಸಿ ಮಾರುವುದು ಅವನ ಕಸುಬು. ಅವನ ಅಪ್ಪ ಅದೇ ಅಂಗಡಿಯಲ್ಲಿ ರೇಡಿಯೊ ಮಾರುತ್ತಿದ್ದ. ಅಪ್ಪನ ಕಾಲದ ರೇಡಿಯೊ ರಿಪೇರಿಯವನೊಬ್ಬ ಮಗನ ಕಾಲಕ್ಕೂ ಉಳಿದುಕೊಂಡಿದ್ದ. ಕೂದಲು ನೆರೆತ ಮೇಲೆ ಕಂಪ್ಯೂಟರ್ ಕೆಲಸ ಕಲಿತವನು. ತಾನು ಕಲಿತದ್ದಷ್ಟೇ ಅಲ್ಲ, ಅಂಗಡಿಯವನಿಗೂ ಕಲಿಸಿದವನು.

ಅಪ್ಪನಿಂದ ಬಂದ ಒಂದು ಪದ್ಧತಿಯನ್ನೂ ಮಗ ಬಿಟ್ಟಿರಲಿಲ್ಲ. ಹೊಸ ಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಯಜಮಾನ ಅದರೊಳಗೆ ನಾಲ್ಕು ಕಾಳು ಅಕ್ಷತೆ ಹಾಕಿ ಕೈಮುಗಿಯಬೇಕು, ಕೊನೆಯ ಭಾಗವನ್ನು ತಾನೇ ಕೂರಿಸಬೇಕು, ಆಮೇಲೆ ಕಾಳು ಕೊಡವಿ ಮುಚ್ಚಬೇಕು. ಯಂತ್ರಕ್ಕೆ ದೇವರು ಬೇಕೋ ಬೇಡವೋ, ಗಿರಾಕಿಗೆ ಬೇಕು. ಆದ್ದರಿಂದ ಪದ್ಧತಿ ನಡೆದುಕೊಂಡು ಬಂದಿತ್ತು.

ಒಮ್ಮೆ ಮದುವೆ ಫೋಟೋ ತೆಗೆಯುವವನೊಬ್ಬ ಹೊಸ ಕಂಪ್ಯೂಟರ್ ಬೇಕೆಂದ. ಮುದುಕ ಬೆಳಗ್ಗೆಯೇ ಕೂತು ಬೋರ್ಡಿನ ಮೇಲೆ ಪ್ರೊಸೆಸರ್ ಕೂರಿಸಿದ, ತಂತಿಗಳನ್ನೆಲ್ಲ ಸಿಕ್ಕಿಸಿದ. ಅಂಗಡಿಯವನು ಅಕ್ಷತೆ ಹಾಕಿ ಕೈಮುಗಿದು, ರ‍್ಯಾಮ್ ಎನ್ನುವ ಬೆರಳುದ್ದದ ಪಟ್ಟಿಯನ್ನು ಅದರ ಸೀಳಿಗೆ ಒತ್ತಿ, ಕಾಳು ಕೊಡವಿ ಮುಚ್ಚಳ ಹಾಕಿದ. ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಫೋಟೋದವನು ಎದುರಿಗೇ ಕೂತಿದ್ದ.

ಪರದೆ ಬದಲಾಯಿಸಿದರು. ಪವರ್ ಸಪ್ಲೈ ಬದಲಾಯಿಸಿದರು. ರ‍್ಯಾಮನ್ನು ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿದರೆ ಅಲ್ಲಿ ಚೆನ್ನಾಗಿಯೇ ಓಡಿತು. ತಂದು ಇಲ್ಲಿ ಹಾಕಿದರೆ ಮತ್ತೆ ಕಪ್ಪು. ಊಟದ ಹೊತ್ತು ಮೀರಿತು. ಇನ್ನು ಉಳಿದದ್ದು ಬೋರ್ಡು ಮತ್ತು ಪ್ರೊಸೆಸರ್. ಪ್ರೊಸೆಸರಿನ ಕೆಳಗೆ ಕೂದಲೆಳೆಯಂಥ ಕಾಲುಗಳಿರುತ್ತವೆ. ಕೂರಿಸುವವನ ಕೈ ಚೂರು ನಡುಗಿದರೂ ಬಾಗುತ್ತವೆ. ಮುದುಕನಿಗೆ ಅರವತ್ತೆಂಟು ವರ್ಷ. ಅಂಗಡಿಯವನಿಗೆ ಅಷ್ಟು ಸಾಕಾಯಿತು. ಎಂದೂ ಮರ್ಯಾದೆ ಬಿಟ್ಟು ಮಾತಾಡದವನು ಅಂದು ಗಿರಾಕಿಯ ಎದುರು, ನಿನ್ನ ಕೈ ನಡುಗಿದೆ, ಪ್ರೊಸೆಸರ್ ಹಾಳುಮಾಡಿದೀಯ ಎಂದುಬಿಟ್ಟ.

“ನಡುಗಿಲ್ಲ ಯಜಮಾನ್ರೇ. ಬೇಕಾದ್ರೆ ಬಿಚ್ಚಿ ನೋಡಿ. ಹಾಗೇ ನೀವು ಕೂರಿಸಿದ್ದನ್ನೂ ಒಂದ್ಸಲ ನೋಡಿಬಿಡಿ,” ಎಂದ ಮುದುಕ.

ಅದು ಕಸುಬಿನ ಮಾತು. ಕೆಟ್ಟದ್ದೆಲ್ಲಿ ಎಂದು ಹುಡುಕುವಾಗ ನನ್ನದು ನಿನ್ನದು ಎನ್ನಬಾರದು, ಎಲ್ಲವನ್ನೂ ಬಿಚ್ಚಿ ಒಂದೊಂದಾಗಿ ಸೇರಿಸುತ್ತ ಬರಬೇಕು ಎಂದು ಅದೇ ಮುದುಕ ಅವನಿಗೆ ಕಲಿಸಿದ್ದ. ಆದರೆ ದೇವರ ಹೆಸರಿನಲ್ಲಿ ಅಕ್ಷತೆ ಹಾಕಿದ ಕೈಯನ್ನು ಸಂಬಳದವನು ಅನುಮಾನಿಸುವುದೇ? ಅಂಗಡಿಯವನಿಗೆ ಸಿಟ್ಟು ನೆತ್ತಿಗೇರಿತು. ನಾಳೆಯಿಂದ ಬರಬೇಡ ಎಂದ. ಮುದುಕ ಸ್ಕ್ರೂಡ್ರೈವರನ್ನು ಒರೆಸಿ ಮೇಜಿನ ಮೇಲಿಟ್ಟು ಹೋದ.

ಸಂಜೆ, ಬೋರ್ಡನ್ನೂ ಪ್ರೊಸೆಸರನ್ನೂ ವಾಪಸು ಕಳಿಸೋಣವೆಂದು ಅಂಗಡಿಯವನು ಒಬ್ಬನೇ ಕೂತು ಬಿಚ್ಚತೊಡಗಿದ. ಪ್ರೊಸೆಸರ್ ಎತ್ತಿ ನೋಡಿದ. ಒಂದು ಕಾಲೂ ಬಾಗಿರಲಿಲ್ಲ. ರ‍್ಯಾಮ್ ಕಿತ್ತ. ಸೀಳಿನ ತಳದಲ್ಲಿ ಹಳದಿಯದೇನೋ ಕಂಡಿತು. ಚಿಮುಟದಿಂದ ಎತ್ತಿದರೆ, ಅರಿಸಿನ ಹಚ್ಚಿದ ಒಂದು ಅಕ್ಕಿಕಾಳು. ಅದನ್ನು ತೆಗೆದು, ಬಿಚ್ಚಿದ್ದನ್ನೆಲ್ಲ ಮತ್ತೆ ಕೂರಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು.

ಅವನಿಗೆ ನಾಚಿಕೆಯಾಯಿತು, ಸುಳ್ಳಲ್ಲ. ಮುದುಕನ ಮನೆಗೆ ಹೋಗಬೇಕೆಂದು ಚಪ್ಪಲಿಯನ್ನೂ ಮೆಟ್ಟಿದ. ಅಷ್ಟರಲ್ಲಿ ಫೋಟೋದವನು ಬಂದು ಏನಾಗಿತ್ತು ಎಂದು ಕೇಳಿದ. ನಿಜ ಹೇಳಲು ನಾಲಿಗೆ ಹೊರಳಲಿಲ್ಲ. ಮುದುಕ ಸರಿಯಾಗಿ ಕೂರಿಸಿರಲಿಲ್ಲ, ನಾನು ಸರಿಮಾಡಿದೆ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಬರೆ ಎಳೆದದ್ದೂ ಎತ್ತೇ.

ಫೋಟೋದವನು ಹತ್ತು ಮದುವೆಮನೆ ತಿರುಗುವವನು. ಮಾತು ಪೇಟೆಯೆಲ್ಲ ಹರಡಿತು. ಬೇರೆ ಯಾವ ಅಂಗಡಿಯವರೂ ಮುದುಕನನ್ನು ಕೆಲಸಕ್ಕೆ ಕರೆಯಲಿಲ್ಲ. ಇತ್ತ ಅಂಗಡಿಯವನು ಮುಚ್ಚಳ ಹಾಕಿದ ಮೇಲೆಯೇ ಅಕ್ಷತೆ ಹಾಕತೊಡಗಿದ. ಯಂತ್ರದ ಮಟ್ಟಿಗೆ ಪಾಠ ಚೆನ್ನಾಗಿ ಕಲಿತಿದ್ದ.

ಕೆಲವು ತಿಂಗಳ ಮೇಲೆ ಮುದುಕ ಅಂಗಡಿಗೆ ಬಂದ. ಎಲ್ಲರೂ ಅದನ್ನೇ ಹೇಳಿ ಹೇಳಿ ಅವನಿಗೂ ತನ್ನ ಕೈಯ ಮೇಲಿನ ನಂಬಿಕೆ ಹೋಗಿತ್ತು. ಮನೆಯಲ್ಲಿ ನೀರಿನ ಲೋಟ ಎತ್ತುವಾಗಲೂ ಕೈಯನ್ನೇ ನೋಡಿಕೊಳ್ಳುತ್ತಿದ್ದನಂತೆ. ನೋಡಿ ನೋಡಿ, ಈಗ ಅದು ನಿಜಕ್ಕೂ ನಡುಗುತ್ತಿತ್ತು.

“ನಂದೇ ತಪ್ಪಿರಬೇಕು ಯಜಮಾನ್ರೇ. ಅವತ್ತು ನಿಮಗೆ ಎದುರು ಮಾತಾಡ್ದೆ. ಕ್ಷಮಿಸಿಬಿಡಿ,” ಎಂದ.

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ನಡೆದದ್ದನ್ನು ಒಪ್ಪಿಕೊಳ್ಳಲು ಅದೇ ತಕ್ಕ ಗಳಿಗೆಯಾಗಿತ್ತು. ಅಂಗಡಿಯವನು ಎದ್ದು, ಮುದುಕನ ಹೆಗಲ ಮೇಲೆ ಕೈಯಿಟ್ಟು, ಆಗಲಿ ಬಿಡಿ, ಕ್ಷಮಿಸಿದ್ದೇನೆ ಎಂದ. ಎಂಥ ದೊಡ್ಡ ಮನಸ್ಸು ಎಂದು ಗಿರಾಕಿಗಳು ಮೆಚ್ಚಿಕೊಂಡರು. ಮುದುಕ ಎರಡೂ ಕೈ ಜೋಡಿಸಿ ಮುಗಿದು ಹೊರಟುಹೋದ. ಆ ರಾತ್ರಿಯಿಂದ ಅಂಗಡಿಯವನಿಗೆ ನಿದ್ದೆ ಹತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನಿಗೆ ಸಿಟ್ಟು ಬಂದಿತ್ತು. ಅಂಥವನಿಗೆ ನಿದ್ದೆ ಹತ್ತುವುದಾದರೂ ಹೇಗೆ ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: “ನೀನು ಕ್ಷಮಿಸಿದ ತಪ್ಪು ಯಾರದು, ಮರುಳಪ್ಪ?”