ಗುರುತು ನಿಲ್ಲದ ನಾನಕಟಾಯಿ

ಮೊದಲೇ ಕ್ಷಮೆ ಕೇಳುತ್ತೇನೆ. ಕಥೆ ಬರೆಯುವುದು ನನಗೆ ಇದೇ ಮೊದಲು. ನಮ್ಮ ಸೋದರತ್ತೆ ಇದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು. ನಾನು, ಎಲ್ಲಿ ಏನು ಬಿಟ್ಟುಹೋಗುತ್ತದೋ ಎಂಬ ಅಂಜಿಕೆಯಿಂದ, ಹೆಚ್ಚು ಹೇಳಿ ಕೆಡಿಸಬಹುದು.

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಒಬ್ಬ ಗುರುಗಳು. ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ನಮ್ಮ ಕಡೆ ಮಠದ ಹಿರಿಯರನ್ನು ಹಾಗೆಯೇ ಕರೆಯುವುದು.

ಅವರ ಶಿಷ್ಯ ಅಡಿವೆಪ್ಪ. ನಲವತ್ತು ದಾಟಿದ ಸಂಸಾರಸ್ಥ. ಸೋಮವಾರಕ್ಕೊಮ್ಮೆ ಬಂದು ಅಂಗಳ ಗುಡಿಸಿ, ಅಜ್ಜಾರ ಹತ್ತಿರ ಕೂತು ಹೋಗುತ್ತಿದ್ದ.

ದೀಪಾವಳಿಗೆ ಇನ್ನು ಎರಡು ವಾರ ಇರುವಾಗ ಒಂದು ಸೋಮವಾರ ಅವನು ಅಂಗಳ ಗುಡಿಸಲಿಲ್ಲ. ಒಂದು ಗಂಟನ್ನು ಮುಂದಿಟ್ಟು ಕೂತ.

"ಏನೈತಿ ಇದರಾಗ?"

"ನಾನಕಟಾಯಿ, ಅಜ್ಜಾರ. ಮನ್ಯಾಗ ನಾನ ಮಾಡೀನಿ."

ನಾನಕಟಾಯಿ ಅಂದರೆ ಮೈದಾ, ಸಕ್ಕರೆ ಪುಡಿ, ತುಪ್ಪ ಕಲಸಿ ಬೇಯಿಸುವ ಬಿಸ್ಕತ್ತು. ಬೋಗುಣಿಯಲ್ಲಿ ಮರಳು ಕಾಯಿಸಿ, ಅದರ ಮೇಲೆ ತಟ್ಟೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಾರೆ. ಆ ಊರಲ್ಲಿ ಇನ್ನೊಂದು ಪದ್ಧತಿ ಇತ್ತು. ಹಬ್ಬಕ್ಕೆ ಹಂಚಿದಾಗ ಯಾರ ಮನೆಯದೆಂದು ತಿಳಿಯಲಿ ಎಂದು ಒಂದೊಂದು ಮನೆಯವರು ಹಸಿ ಹಿಟ್ಟಿನ ಮೇಲೆ ಒಂದೊಂದು ಗುರುತು ಒತ್ತುತ್ತಿದ್ದರು. ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

"ಹೆಬ್ಬಟ್ಟು ಒತ್ತಿದ್ದೆ," ಎಂದ ಅಡಿವೆಪ್ಪ. "ಬೆಂದು ಬರೂದ್ರಾಗ ಅಳಿಸಿಹೋಗೈತಿ ನೋಡ್ರಿ."

ಅಜ್ಜಾರು ಒಂದನ್ನು ಬಾಯಿಗೆ ಹಾಕಿಕೊಂಡರು.

"ರುಚಿ ಛಲೋ ಐತಿ."

"ರುಚಿ ಅಲ್ರಿ. ನನಗ ಗುರುತು ಬೇಕು."

"ಯಾಕ?"

ಆಗ ಅವನು ಹೇಳಿದ. ಅಣ್ಣ ಯಮನಪ್ಪನೂ ಅವನೂ ಆರು ವರ್ಷದ ಹಿಂದೆ ಪಾಲಾದರು. ನಡುಗೋಡೆಯ ವಿಷಯಕ್ಕೆ ಮಾತು ಬೆಳೆಯಿತು. ಅಂದಿನಿಂದ ಒಬ್ಬರ ಮನೆಗೆ ಒಬ್ಬರು ಕಾಲಿಟ್ಟಿಲ್ಲ. ತಾಯಿ ನಾಗವ್ವ ಇರುವುದು ಅಣ್ಣನ ಮನೆಯಲ್ಲಿ. ಈಗ ಅವಳಿಗೆ ಕಣ್ಣು ಕಾಣುವುದಿಲ್ಲ.

ಪ್ರತಿ ಹಬ್ಬಕ್ಕೆ ಅಡಿವೆಪ್ಪ ನಾನಕಟಾಯಿ ಮಾಡಿ ನೆರೆಮನೆಯ ಶಿವಕ್ಕನ ಕೈಯಲ್ಲಿ ಕಳಿಸುತ್ತಿದ್ದ. ಅಲ್ಲಿ ಎಲ್ಲ ಮನೆಯವೂ ಒಂದೇ ಡಬ್ಬಿಗೆ ಸೇರುತ್ತಿದ್ದವು.

"ಹ್ವಾದ ವರ್ಷ ಅವ್ವ ಶಿವಕ್ಕನ್ನ ಕೇಳಿದಳಂತ, 'ನಮ್ಮ ಸಣ್ಣಾವ ಏನೂ ಕಳಸಲಿಲ್ಲೇನವಾ?' ಅಂತ. ನಂದ ಕೈಯಾಗ ಹಿಡಕೊಂಡು ಕೇಳ್ಯಾಳ್ರಿ."

"ಶಿವಕ್ಕ ಹೇಳಬೇಕಿಲ್ಲ?"

"ಹೇಳ್ಯಾಳ. ಅವ್ವ ನಂಬಲಿಲ್ಲ. 'ನನ್ನ ಸಮಾಧಾನಕ್ಕ ಹೇಳತಿ' ಅಂದಳಂತ." ಅಡಿವೆಪ್ಪ ಒಂದನ್ನು ಎತ್ತಿ ಅದರ ಮೇಲೆ ಬೆರಳಾಡಿಸಿದ. "ಬೆರಳಿಗೆ ಹತ್ತೂವಂಥಾ ಗುರುತು ಇದ್ರ, ಮುಟ್ಟಿದ ಕೂಡ್ಲೆ ತಿಳೀತೈತಿ. ಮುಂದಿನ ದೀಪಾವಳಿ ಅವ್ವ ನೋಡತಾಳೋ ಇಲ್ಲೋ. ಅಳಿಸದಂಥಾ ಗುರುತು ಹೇಳಿಕೊಡ್ರಿ, ಅಜ್ಜಾರ."

"ಮತ್ತೊಂದ್ಸಲ ಮಾಡಿ ತಾ."

ಮುಂದಿನ ಸೋಮವಾರ ಚಾಕುವಿನಿಂದ ಆಳವಾಗಿ ಗೀರಿ ತಂದ. ಗೀರು ಹರಡಿ, ಬರೀ ಬಿರುಕು ಉಳಿದಿತ್ತು. ನಾನಕಟಾಯಿಯ ಮೇಲೆ ಬಿರುಕು ಹೇಗೂ ಬರುತ್ತದೆ, ಎಲ್ಲರದಕ್ಕೂ ಬರುತ್ತದೆ.

ಅಜ್ಜಾರು ಎರಡು ತಿಂದರು.

"ತುಪ್ಪ ಕಡಿಮಿ ಹಾಕು. ಗುರುತು ನಿಲ್ಲತೈತಿ."

"ಕಡಿಮಿ ಹಾಕಿದ್ರ ಗಟ್ಟಿ ಆಗತಾವ್ರಿ. ಅವ್ವನ ಬಾಯಾಗ ಹಲ್ಲಿಲ್ಲ. ಇಟ್ಟಕೂಡ್ಲೆ ಕರಗಬೇಕು."

"ಹಂಗಾರ ನಿಲ್ಲೂದಿಲ್ಲ ಬಿಡು."

"ಎರಡೂ ಆಗೂವಂಗ ಏನರೆ ಹೇಳ್ರಿ."

"ಮತ್ತೊಂದ್ಸಲ ಮಾಡಿ ತಾ."

ಮನೆಯಲ್ಲಿ ಹೆಂಡತಿ ತುಂಗವ್ವ ನಕ್ಕಳು.

"ನಿಮ್ಮ ಅಜ್ಜಾರಿಗೆ ನಾನಕಟಾಯಿ ರುಚಿ ಹತ್ತೈತಿ. ಹಬ್ಬ ಮುಗಿಯೂತನಾ ಅವರು ಗುರುತು ಹೇಳೂದಿಲ್ಲ, ಬೇಕಾದ್ರ ನೋಡ್ರಿ."

"ಸುಮ್ನಿರು. ತುಪ್ಪ ಕೊಡು."

"ಎಷ್ಟು?"

"ಮೊದಲಿನಷ್ಟ."

ಮೂರನೆಯ ಸೋಮವಾರ ಹಬ್ಬದ ಹಿಂದಿನ ದಿನ. ಈ ಸಲ ಒಂದೊಂದರ ಮೇಲೂ ಮೂರು ಏಲಕ್ಕಿ ಕಾಳು ಚುಚ್ಚಿದ್ದ. ಅವು ತುಪ್ಪದಲ್ಲಿ ಜಾರಿ, ಹಿಟ್ಟಿನೊಳಗೆ ಮುಳುಗಿಹೋಗಿದ್ದವು. ಅಡಿವೆಪ್ಪ ಗಂಟು ಬಿಚ್ಚಿ ಅಜ್ಜಾರ ಮುಂದೆ ಸರಿಸಿದ.

ಜಗಲಿಯ ಮೇಲೆ ಇನ್ನೂ ನಾಲ್ಕು ಮಂದಿ ಕೂತಿದ್ದರು. ಇದು ಮುಖ್ಯ. ಅವರಿಲ್ಲದಿದ್ದರೆ ಅಜ್ಜಾರು ಮುಂದೆ ಕೇಳಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ.

"ಕಣ್ಣ ಮುಚ್ಚು," ಎಂದರು ಅಜ್ಜಾರು. "ಬಾಯಿ ತೆರಿ."

ಅವನು ಹಾಗೆಯೇ ಮಾಡಿದ. ಬಾಯಿಗೆ ಒಂದು ನಾನಕಟಾಯಿ ಬಂತು.

"ಯಾರು ಹಾಕಿದ್ರು?"

"ನೀವ."

"ಇಷ್ಟ ಮಂದಿ ಅದಾರ. ನಾನ ಅಂತ ಅದರ ಮ್ಯಾಲ ಬರದಿತ್ತೇನು?"

"ನಿಮ್ಮ ಕೈ ನನಗ ಗೊತ್ತಾಗೂದಿಲ್ಲೇನ್ರಿ? ಬೆರಳ ತುಟಿಗೆ ತಾಗಿದ ಕೂಡ್ಲೆ..."

ಅಡಿವೆಪ್ಪ ಅಲ್ಲಿಗೇ ನಿಲ್ಲಿಸಿದ. ಕಣ್ಣು ತೆರೆದ.

ಅಜ್ಜಾರು ಉಳಿದವನ್ನು ಗಂಟು ಕಟ್ಟಿ ಅವನ ತೊಡೆಯ ಮೇಲೆ ಇಟ್ಟರು.

ಅವನು ಹೊಳೆಯ ಕಡೆ ತಿರುಗಿದ.

"ಆರು ವರ್ಷ ಆತ್ರಿ, ಆ ಹೊಸ್ತಿಲಾ ದಾಟಿ."

"ಹೂಂ."

"ಶಿವಕ್ಕನ ಕೈಯಾಗ ಕಳಸಿದ್ರ ನಡಿಯೂದಿಲ್ಲೇನ್ರಿ?"

"ಕಳಸು. ಶಿವಕ್ಕನ ಕೈ ಗುರುತು ಸಿಗತೈತಿ."

ಜಗಲಿಯ ಮೇಲಿದ್ದವರು ನಕ್ಕರು. ಅಡಿವೆಪ್ಪ ನಗಲಿಲ್ಲ. ಗಂಟು ಎತ್ತಿಕೊಂಡು ಎದ್ದ. ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದ.

"ಅಣ್ಣ ಬಾಗಿಲದಾಗ ನಿಂತಿರತಾನು, ಅಜ್ಜಾರ. ಯಾಕ ಬಂದಿ ಅಂತ ಬಾಯಿಗೆ ಬಂದಂಗ ಬೈತಾನು. ಆಗ ಏನ ಮಾಡ್ಲಿ?"

ಇದಕ್ಕೆ ಅಜ್ಜಾರು ಕೊಟ್ಟ ಉತ್ತರವನ್ನು ಬರೆಯುವ ಮೊದಲು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಕೇಳಿದವರು ಅದನ್ನು ಬರೀ ತಮಾಷೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಅಣ್ಣನ ಸಿಟ್ಟನ್ನು ಅಡಿವೆಪ್ಪ ಒಂದು ಗೋಡೆಯಂತೆ ನೋಡುತ್ತಿದ್ದ, ಅಜ್ಜಾರು ನೋಡಿದ್ದು ಬೇರೆ ಥರ, ಅದು ಹೇಗೆಂದರೆ... ಇಲ್ಲಿ ನಮ್ಮ ಅಕ್ಕ ಕೂಗುತ್ತಿದ್ದಾಳೆ. ನಳಕ್ಕೆ ನೀರು ಬಂದಿದೆಯಂತೆ. ಎಂಟು ದಿನಕ್ಕೊಮ್ಮೆ ಬರುವ ನೀರು, ಕೊಡ ಹಿಡಿಯಲು ಹೋಗಲೇಬೇಕು. ಅಜ್ಜಾರ ಮಾತನ್ನಷ್ಟೇ ಬರೆದಿಟ್ಟು ಏಳುತ್ತೇನೆ.

"ಬೈಯಾಕ ಬಾಯಿ ತೆರೀತಾನಲ್ಲೋ ತಮ್ಮಾ? ಅದರಾಗೂ ಒಂದು ಹಾಕು."