ಹದ್ದಿನ ಚಿತ್ರ ಇದ್ದ ವಿಮಾನ

ಇದನ್ನ ಯಾರಿಗೂ ಹೇಳ್ಬೇಡ, ಜನ ನಗ್ತಾರೆ ಅಂತ ಅಪ್ಪ ಹೇಳಿದ್ರು. ಇವತ್ತೇ ಮೊದಲನೇ ಸಲ ಹೇಳ್ತಿದ್ದೀನಿ.

ವಿಮಾನದ ಮೈದಾನದ ಪಕ್ಕ ನಮ್ಮಪ್ಪಂದು ಮಾಂಸದಂಗಡಿ. ದಿನಾ ಬೆಳಿಗ್ಗೆ ಒಂದು ಹದ್ದು ಬಂದು ಬಾಗಿಲಿಗೆ ಕೊಕ್ಕಿಂದ ಕುಟ್ಟೋದು. "ಬಂದ್ಯಾ ತಾಯಿ, ತಗೋ" ಅಂತ ಅಪ್ಪ ಕರುಳಿನ ಚೂರು ಎಸೆಯೋರು. ಹದ್ದು ಅದನ್ನ ನೀರಿನ ಟ್ಯಾಂಕ್ ಮೇಲಿದ್ದ ತನ್ನ ಮರಿಗೆ ಒಯ್ಯೋದು.

ಏರ್ ಶೋ ಬಂತು. ಹಕ್ಕಿಗಳು ಸೇರಬಾರದು ಅಂತ ಸುತ್ತಲಿನ ಮಾಂಸದಂಗಡಿಗಳನ್ನೆಲ್ಲ ಮುಚ್ಚಿಸಿದ್ರು. ಮೂರು ದಿನ ಉಪವಾಸ ಇದ್ದ ಹದ್ದು ಮೈದಾನಕ್ಕೆ ಹೋಯ್ತು. ಅಲ್ಲಿ ನಿಂತಿದ್ದ ವಿಮಾನದ ಮೂತಿ ಮೇಲೆ ಹದ್ದಿನ ಚಿತ್ರ ಇತ್ತು.

"ಅಣ್ಣಾ, ನೀನು ನಮ್ಮವನೇ ಅಲ್ವಾ? ಅಂಗಡಿ ತೆಗೆಸು. ನನ್ನ ಮರಿ ಕತ್ತೇ ಎತ್ತುತ್ತಿಲ್ಲ" ಅಂತು ಹದ್ದು.

"ನಿಮ್ಮವನೇ. ನಿನ್ನ ಹಂಗೇ ಹಾರ್ತೀನಿ ಅಂತಾನೇ ಜನ ಚಪ್ಪಾಳೆ ಹೊಡಿಯೋದು" ಅಂತು ವಿಮಾನ.

"ಮತ್ತೆ ನಾನು ಮಾಡಿದ ತಪ್ಪೇನು?"

"ನೀನು ಎದುರಿಗೆ ಬಂದ್ರೆ ನಾನು ಬೀಳ್ತೀನಿ, ತಂಗಿ. ಆಕಾಶಕ್ಕೆ ಒಂದು ಹದ್ದು ಸಾಕು."

ಅಷ್ಟರಲ್ಲಿ ಕಾವಲಿನವರು ಪಟಾಕಿ ಹೊಡೆದು ಹದ್ದನ್ನ ಓಡಿಸಿದ್ರು.

ಹೇಗೂ ಅಂಗಡಿ ರಜ ಅಂತ ಅಪ್ಪ ನಮ್ಮನ್ನೆಲ್ಲ ಶೋಗೆ ಕರ್ಕೊಂಡು ಬಂದಿದ್ರು. ಆ ವಿಮಾನ ಮೇಲೇರಿದಾಗ ಅಂಗೈ ಕೆಂಪಾಗೋ ಹಂಗೆ ನಾನು ಚಪ್ಪಾಳೆ ಹೊಡೆದೆ. ಅದೇ ಹೊತ್ತಿಗೆ ಹದ್ದು ನಮ್ಮಂಗಡಿ ಬಾಗಿಲು ಕುಟ್ಟುತ್ತಿತ್ತು. ಟ್ಯಾಂಕ್ ಮೇಲೆ ಮರಿ ಕೂಗೋದು ನಿಂತಿತ್ತು. ಆದ್ರೂ ಹದ್ದು ಕುಟ್ಟುತ್ತಾನೇ ಇತ್ತು. ಬಾಗಿಲು ಮುಚ್ಚಿತ್ತು. ಒಳಗೆ ಯಾರೂ ಇರಲಿಲ್ಲ.